ಅಪ್‌ಡೇಟ್: ರಷ್ಯನ್ ಸಾಹಿತ್ಯ, ಸಂಗೀತ, ಚಿತ್ರಕಲೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ

ಏನೂ ಗೊತ್ತಿಲ್ಲದವರು ರಷ್ಯದ ಸಾಹಿತ್ಯ, ಸಂಗೀತ, ಚಿತ್ರಕಲೆಯನ್ನು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೆನಲ್ಲ, ಆಮೇಲೆ ಏನಾಯ್ತು ಅಂತ ಹೇಳ್ತೀನಿ.

ನೇರವಾಗಿ ಟಾಲ್‌ಸ್ಟಾಯ್‌ನ ದಪ್ಪ ಕಾದಂಬರಿ 'ಯುದ್ಧ ಮತ್ತು ಶಾಂತಿ' ಹಿಡಿಯಿರಿ ಅನ್ನೋ ಸಲಹೆ ನನಗೆ ಒಗ್ಗಲಿಲ್ಲ. ಅದರ ಪಾತ್ರಗಳಲ್ಲಿ ಒಬ್ಬೊಬ್ಬರಿಗೂ ಸ್ವಂತ ಹೆಸರು, ಅಪ್ಪನ ಹೆಸರಿನಿಂದ ಬಂದದ್ದು, ಮನೆತನದ್ದು, ಮೇಲೆ ಮುದ್ದಿನ ಹೆಸರು ಬೇರೆ! 'ಮೊದಲು ಚೆಕಾಫ್‌ನ ಸಣ್ಣ ಕತೆ, ಆಮೇಲೆ ಟಾಲ್‌ಸ್ಟಾಯ್‌ನ “ಇವಾನ್ ಇಲಿಚ್‌ನ ಸಾವು”' ಅಂದವರಿಗೆ ದೊಡ್ಡ ನಮಸ್ಕಾರ. 1886ರ ಆ ಪುಟ್ಟ ಪುಸ್ತಕದಲ್ಲಿ ಸಾಯುತ್ತಿರುವ ನ್ಯಾಯಾಧೀಶನಿಗೆ ಎಲ್ಲರೂ ಸುಳ್ಳು ಸಮಾಧಾನ ಹೇಳ್ತಾರೆ. ಸುಳ್ಳಾಡದೆ ಅವನ ಕಾಲು ಹಿಡಿದು ಕೂರೋನು ಆಳು ಗೆರಾಸಿಮ್ ಒಬ್ಬನೇ. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಬೇರೇನೂ ಮಾಡಲಾಗಲಿಲ್ಲ.

ಸಂಗೀತದಲ್ಲಿ ಚೈಕೋವ್‌ಸ್ಕಿಯ ಬ್ಯಾಲೆ ಸಂಗೀತ ಹಿತವಾಗಿತ್ತು, ಆದರೆ ಮನಸ್ಸು ಹಿಡಿದದ್ದು ಇನ್ನೊಬ್ಬ ಸಂಗೀತಕಾರ ಮುಸೋರ್ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್'. 1873ರಲ್ಲಿ ತೀರಿಕೊಂಡ ಗೆಳೆಯ, ಕಲಾವಿದ ಹಾರ್ಟ್‌ಮನ್‌ನ ಚಿತ್ರಗಳ ಪ್ರದರ್ಶನ ನೋಡಿ 1874ರಲ್ಲಿ ಪಿಯಾನೋಗೆ ಬರೆದದ್ದು. ಚಿತ್ರದಿಂದ ಚಿತ್ರಕ್ಕೆ ನಡೆಯುವ ಹೆಜ್ಜೆಗಳೂ ಅದರಲ್ಲಿ ಕೇಳಿಸ್ತವೆ. ಪಿಯಾನೋದಲ್ಲೇ ಮೊದಲು ಕೇಳಿ, ಆಮೇಲೆ ಫ್ರೆಂಚ್ ಸಂಗೀತಕಾರ ರವೆಲ್ 1922ರಲ್ಲಿ ಮಾಡಿದ ಆರ್ಕೆಸ್ಟ್ರಾ ರೂಪ.

ಚಿತ್ರಕಲೆಗೆ ರೆಪಿನ್ ಹೆಸರು ಬಹಳ ಜನ ಹೇಳಿದ್ದರು. ವೋಲ್ಗಾ ದಡದಲ್ಲಿ ದೋಣಿ ಎಳೆಯುವವರ ಚಿತ್ರ ನಿಜಕ್ಕೂ ದೊಡ್ಡದೇ. ಆದರೆ ನನ್ನವನಾದದ್ದು ನಿಸರ್ಗಚಿತ್ರಗಳ ಕಲಾವಿದ ಲೆವಿತಾನ್. ಅವನು ಚೆಕಾಫ್‌ನ ಆಪ್ತ ಗೆಳೆಯ ಅಂತ ತಿಳಿದಾಗ ಆಶ್ಚರ್ಯವಾಯ್ತು. ಯಾಲ್ಟಾ ಊರಿನಲ್ಲಿದ್ದ ಚೆಕಾಫ್ ಮನೆಯ ಅಗ್ಗಿಷ್ಟಿಕೆಯ ಮೇಲೆ ಬೆಳದಿಂಗಳ ಹುಲ್ಲುಮೆದೆಗಳನ್ನು ಬರೆದುಕೊಟ್ಟವನು ಅವನೇ. ಚೆಕಾಫ್ ಓದುವವರು ಪಕ್ಕದಲ್ಲೇ ಲೆವಿತಾನ್‌ನ ಚಿತ್ರಗಳನ್ನೂ ತೆರೆದಿಟ್ಟುಕೊಳ್ಳಿ.

ಮುಂದೆ ಟಾಲ್‌ಸ್ಟಾಯ್‌ನ ಕಾದಂಬರಿ 'ಅನ್ನಾ ಕರೆನಿನಾ' ಎತ್ತಿಕೊಳ್ತೀನಿ.