ಜಾರಿದ ಮನೆಯ ವಿಡಿಯೊ ಮತ್ತು ನಮ್ಮ ನೆನಪು

ಮಳೆಗಾಲ (ಪ್ರಶ್ನೆ):
2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿಯ ಎರಡಂತಸ್ತಿನ ಮನೆಯೊಂದು ಬುಡಸಮೇತ ಜಾರಿ ಕೆಳಗುರುಳಿದ ವಿಡಿಯೊವನ್ನು ಬಹುತೇಕರು ನೋಡಿರುತ್ತೀರಿ. ಕೆಲವೇ ಸೆಕೆಂಡುಗಳ ಆ ತುಣುಕನ್ನು ಸುದ್ದಿವಾಹಿನಿಗಳು ಎಷ್ಟು ಸಲ ತೋರಿಸಿದವೆಂದರೆ, ಇಂದಿಗೂ ಕೊಡಗಿನ ಮಳೆ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಅದೇ ಮನೆ. ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಎಂಬ ಊರುಗಳ ಹೆಸರುಗಳನ್ನು ಮಾತ್ರ ಹುಡುಕಿ ನೆನಪಿಸಿಕೊಳ್ಳಬೇಕಾಗುತ್ತದೆ. ಇಂಥ ಚಿತ್ರ ದುರಂತವನ್ನು ತಿಳಿಸುತ್ತದೆಯೇ, ಅದನ್ನು ಮರೆಮಾಡುತ್ತದೆಯೇ?

ಹಳೆಯ ಕಡತ:
ಮರೆಮಾಡುತ್ತದೆ ಎಂದೇ ನನ್ನ ಅಭಿಪ್ರಾಯ. 1876–78ರ ಬರದಲ್ಲಿ ಸೇನಾಧಿಕಾರಿ ವಿಲೋಬಿ ವಾಲೇಸ್ ಹೂಪರ್ ಮದರಾಸು ಪ್ರಾಂತದಲ್ಲಿ ತೆಗೆದ ಛಾಯಾಚಿತ್ರಗಳನ್ನು ನೋಡಿ. ಹಸಿದವರನ್ನು ಗುಂಪಾಗಿ ಕೂರಿಸಿ ತೆಗೆದ ಆ ಚಿತ್ರಗಳಲ್ಲಿ ಪಕ್ಕೆಲುಬುಗಳನ್ನು ಎಣಿಸಬಹುದು. ಮೊಣಕಾಲು ತೊಡೆಗಿಂತ ದಪ್ಪವಾಗಿ ಕಾಣುತ್ತದೆ. ಆದರೆ ಬರಪರಿಹಾರದ ಕೂಲಿಯವನಿಗೆ ದಿನಕ್ಕೆ 1 ಪೌಂಡ್ ಧಾನ್ಯ ಸಾಕೆಂದು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕಟ್ಟಿದ ಲೆಕ್ಕವಾಗಲಿ, ಬರದ ನಡುವೆಯೂ ಹೊರದೇಶಕ್ಕೆ ಹೋದ ಧಾನ್ಯವಾಗಲಿ ಅಲ್ಲೆಲ್ಲೂ ಕಾಣುವುದಿಲ್ಲ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷವಾಗಿತ್ತು.

ಏಲಕ್ಕಿ:
ಚಿತ್ರವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಆ ವಿಡಿಯೊ ಇಲ್ಲದಿದ್ದರೆ ಅಕ್ಕಿ, ಕಂಬಳಿ ಹೊತ್ತ ಲಾರಿಗಳು ಅಷ್ಟು ಬೇಗ ನಮ್ಮ ಕಡೆಗೆ ಹೊರಡುತ್ತಿರಲಿಲ್ಲ. (ಹರಿದ ಹಳೆಯ ಬಟ್ಟೆಗಳೂ ಬಂದವು, ಅದು ಬೇರೆ ಮಾತು.) ನನ್ನ ತಕರಾರು ಬೇರೆ. ನಮ್ಮ ಸೋದರಮಾವನ ಮನೆಗೆ ಏನೂ ಆಗಲಿಲ್ಲವಾದ್ದರಿಂದ ಯಾವ ಕ್ಯಾಮೆರಾವೂ ಅತ್ತ ಸುಳಿಯಲಿಲ್ಲ. ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಕಾಫಿ ತೋಟ ಮೇಲ್ಮಣ್ಣಿನ ಸಮೇತ ಹೊಳೆ ಸೇರಿತ್ತು. ಕಾಫಿ ಒಣಗಿಸುವ ಕಣದ ಅಂಚಿನಿಂದಾಚೆಗೆ ಉಳಿದದ್ದು ಕೆಂಪು ಕೆಸರು, ಬಂಡೆಗಳು, ಬುಡಮೇಲಾದ ಎರಡು ಸಿಲ್ವರ್ ಓಕ್ ಮರಗಳು. ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಮಣ್ಣಿದ್ದರೆ.

ಪೇಟೆಬೀದಿ:
ಚಿತ್ರವಿಲ್ಲದೆಯೂ ಜನ ದುರಂತವನ್ನು ದಾಖಲಿಸಿದ್ದಾರೆ. ಹಳೆಯ ಕಡತದವರು ಹೇಳಿದ ಬರಕ್ಕೆ ಸಂವತ್ಸರದ ಹೆಸರಿಟ್ಟು ‘ಧಾತು ಬರ’ ಎಂದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ರೋಗದ ಇಂಗ್ಲಿಷ್ ಹೆಸರನ್ನೇ ದೇವಿಗಿಟ್ಟು ಪ್ಲೇಗಮ್ಮನೆಂದು ಪೂಜಿಸಿದರು. ವಿಡಿಯೊ ತಿರುಗುವುದು ವಾಹಿನಿಯ ಇಷ್ಟದಂತೆ, ಈ ಹೆಸರುಗಳನ್ನು ಇಟ್ಟವರು ಅನುಭವಿಸಿದವರೇ.

ಮಳೆಗಾಲ:
ಏಲಕ್ಕಿಯವರೇ, ನಿಮ್ಮ ಮಾವ ಆ ಇಳಿಜಾರಿನಲ್ಲಿ ಈಗೇನು ಬೆಳೆಯುತ್ತಾರೆ?

ಏಲಕ್ಕಿ:
ಏನನ್ನೂ ಬೆಳೆಯುತ್ತಿಲ್ಲ. ಹುಲ್ಲು ಬಂದಿದೆ, ದನ ಕಟ್ಟುತ್ತಾರೆ. 2018 ಎಂದು ಅವರು ಹೇಳುವುದಿಲ್ಲ, ‘ಬರೆ ಜರಿದ ವರ್ಷ’ ಎನ್ನುತ್ತಾರೆ.