ಡಾಕ್ಟ್ರಲ್ಲಿ ಕೇಳಿ (ಗುಂಪಿನ ಮಾತುಕತೆ, ಕೇಳುವವರ ಹೆಸರಿನ ಬದಲು ಊರು): ಅನ್ನ ಬೇಡ, ನೆಲಗಡಲೆ ಬೇಕು ಅನ್ನುವ ಮಗು

ಪೆರ್ಲದ ತಾಯಿ: ಡಾಕ್ಟ್ರೇ, ಮಗಳಿಗೆ ಮೂರು ವರ್ಷ. ಅನ್ನ, ಪಾಯಸ ಕಂಡರೆ ಮುಖ ತಿರುಗಿಸುತ್ತಾಳೆ. ನೆಲಗಡಲೆ, ಮೊಟ್ಟೆ, ಬಂಗುಡೆ ಎಷ್ಟಾದರೂ ಬೇಕು. ಹುಟ್ಟಿದಾಗ ಕಾಮಾಲೆ ತುಂಬ ದಿನ ಇತ್ತು. ತೂಕ ಏರುವುದಿಲ್ಲ. ಅತ್ತೆ ಬೆಲ್ಲ ಹಾಕಿ ಅನ್ನ ತುರುಕುತ್ತಾರೆ.

ಉಪ್ಪಳ: ಕಾರ್ನಿಟಿನ್ ಪುಡಿಯಲ್ಲಿ ಬೊಜ್ಜು ಕರಗುತ್ತಾ?

ಡಾಕ್ಟರ್: ಇಲ್ಲ. ಕೊಬ್ಬು ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಒಳಗೆ ಹೋಗಲು ಕಾರ್ನಿಟಿನ್ ಬೇಕು, ನಿಜ. ಅದನ್ನು ದೇಹವೇ ಮಾಡಿಕೊಳ್ಳುತ್ತದೆ.

ಡಾಕ್ಟರ್: ಪೆರ್ಲದವರೇ, ತುರುಕುವುದನ್ನು ಇವತ್ತೇ ನಿಲ್ಲಿಸಿ. ಬರೀ ಹಠವೂ ಇರಬಹುದು. ಆದರೆ ಕಾಮಾಲೆಯ ವಿಷಯ ಕೇಳಿ ನನಗೆ ಸಿಟ್ರಿನ್ ಕೊರತೆಯ ಸಂಶಯ, ಅದು ಹುಟ್ಟಿನಿಂದಲೇ ಬರುವ ಜೀನಿನ ತೊಂದರೆ. ಮೈಟೋಕಾಂಡ್ರಿಯದ ಒಳಪೊರೆ ಸುಲಭಕ್ಕೆ ಏನನ್ನೂ ಬಿಡುವುದಿಲ್ಲ, ದಾಟಿಸಲು ಬೇರೆ ಬೇರೆ ಪ್ರೋಟೀನ್‌ಗಳಿವೆ. ಲಿವರಿನಲ್ಲಿ ಸಿಟ್ರಿನ್ ಎಂಬ ಪ್ರೋಟೀನ್ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲವನ್ನು ಹೊರಗೆ ಕಳಿಸಿ ಗ್ಲುಟಮೇಟ್ ಎಂಬ ಇನ್ನೊಂದನ್ನು ಒಳಗೆ ತರುತ್ತದೆ. ಅದು ಕೆಟ್ಟರೆ ಲಿವರಿಗೆ ಅನ್ನ, ಬೆಲ್ಲ ಬಳಸಿಕೊಳ್ಳುವುದು ಕಷ್ಟ. ರಕ್ತದಲ್ಲಿ ಅಮೋನಿಯ ಎಂಬ ವಿಷವೂ ಏರಬಹುದು. ಅದಕ್ಕೇ ಈ ಮಕ್ಕಳು ತಾವಾಗಿ ಸಿಹಿ ಬಿಟ್ಟು ಪ್ರೋಟೀನ್, ಕೊಬ್ಬು ಹುಡುಕುತ್ತಾರೆ. ಜೀನ್ ಸಿಕ್ಕಿದ್ದು 1999ರಲ್ಲಿ, ಹೆಸರು ಎಸ್‌ಎಲ್‌ಸಿ25ಎ13. ಜಪಾನ್, ಚೀನಾದಲ್ಲಿ ಜಾಸ್ತಿ, ನಮ್ಮಲ್ಲೂ ಕಂಡಿದೆ. ಮಕ್ಕಳ ಡಾಕ್ಟರ ಹತ್ತಿರ ರಕ್ತದಲ್ಲಿ ಅಮೋನಿಯ, ಸಿಟ್ರುಲಿನ್ ಎಂಬ ಅಮೈನೋ ಆಮ್ಲ ಎಷ್ಟಿದೆ ನೋಡಲು ಹೇಳಿ. ಈ ವಯಸ್ಸಿನಲ್ಲಿ ರಕ್ತ ಸರಿಯಾಗಿ ಕಂಡರೂ ಜೀನ್ ಪರೀಕ್ಷೆ ಬೇಕಾಗಬಹುದು.

ಬದಿಯಡ್ಕ: ಬಂದ ಮೆಸೇಜ್ ಹಾಕಿದ್ದೇನೆ. ಬೆಳಿಗ್ಗೆ ಮೂರು ಚಮಚ ತೆಂಗಿನೆಣ್ಣೆ ಕುಡಿದರೆ ಮೈಟೋಕಾಂಡ್ರಿಯ ಹೊಸದಾಗುತ್ತದಂತೆ!

ಡಾಕ್ಟರ್: ಇದನ್ನು ಮತ್ತೆ ಹಾಕಬೇಡಿ. ಸಿಟ್ರಿನ್ ಕೊರತೆಗೆ ಕೊಡುವ ಎಂಸಿಟಿ (ಮಧ್ಯಮ ಉದ್ದದ ಕೊಬ್ಬಿನ) ಎಣ್ಣೆ ಬೇರೆ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ, ಅದು ಎಂಸಿಟಿ ಎಣ್ಣೆಯ ಕೊಬ್ಬಿನಷ್ಟು ಸುಲಭಕ್ಕೆ ಲಿವರ್ ಸೇರುವುದಿಲ್ಲ. ಮಗುವಿಗೆ ಅಂದಾಜಿನಲ್ಲಿ ಕುಡಿಸಬೇಡಿ.

ಬದಿಯಡ್ಕ: ನಮ್ಮ ಅಜ್ಜಂದಿರು ಇದನ್ನೇ ತಿಂದು ಗಟ್ಟಿಯಾಗಿದ್ದರು.

ಮುಳ್ಳೇರಿಯ ಟೀಚರ್: ಅಜ್ಜಂದಿರ ಜೊತೆ ಹುಟ್ಟಿ ಸತ್ತ ಮಕ್ಕಳ ಲೆಕ್ಕ ಯಾರಿಟ್ಟಿದ್ದಾರೆ?

ಬದಿಯಡ್ಕ: ಎಂತ ಟೀಚರೇ, ಎಲ್ಲದಕ್ಕೂ ಅಡ್ಡ ಬರುವುದು! ತೆಂಗು ಬೆಳೆಯುವ ಊರಲ್ಲಿ ಕೂತು ಎಣ್ಣೆಗೆ ಬೈಯುತ್ತೀರಲ್ಲ.

ಮುಳ್ಳೇರಿಯ ಟೀಚರ್: ಎಣ್ಣೆಗೆ ಯಾರು ಬೈದರು ಮಾರಾಯ್ರೇ? ಮೇಲಿರುವುದನ್ನು ಓದಿ ಮಾತಾಡಿ.

ಕುಂಬಳೆ: ಶುಗರ್ ಇದ್ದವರು ಏಕಾದಶಿ ಉಪವಾಸ ಮಾಡಬಹುದಾ? ನಿನ್ನೆಯೂ ಕೇಳಿದ್ದೆ.

ಉಪ್ಪಳ: ಹಾಗಾದರೆ ಕಾರ್ನಿಟಿನ್ ಮಾತ್ರೆ?

ಡಾಕ್ಟರ್: ಮೇಲೆ ಓದಿ.

ಪೆರ್ಲದ ತಾಯಿ: ವಾಂತಿ ಆದಾಗ ಇಲ್ಲಿ ಗ್ಲುಕೋಸ್ ಏರಿಸುತ್ತಾರೆ. ಬೇಡ ಅನ್ನಬೇಕಾ?

ಡಾಕ್ಟರ್: ನೀವಾಗಿ ಬೇಡ ಅನ್ನಬೇಡಿ, ರಕ್ತದಲ್ಲಿ ಸಕ್ಕರೆ ಇಳಿದಿದ್ದರೆ ಅದೇ ಬೇಕು. ಸಿಟ್ರಿನ್ ಸಂಶಯ ಉಂಟು ಅಂತ ಬಾಗಿಲಲ್ಲೇ ಹೇಳಿ. ಈ ಕೊರತೆ ಇದ್ದವರಿಗೆ ಸಕ್ಕರೆ ಜಾಸ್ತಿ ಏರಿಸಿದರೆ, ಗ್ಲಿಸರಾಲ್ ಇರುವ ಡ್ರಿಪ್ ಹಾಕಿದರೆ ಅಪಾಯ.

ಪೆರ್ಲದ ತಾಯಿ: ಸೋಮವಾರ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಅತ್ತೆ ಇನ್ನೂ ಒಪ್ಪುತ್ತಿಲ್ಲ.

ಡಾಕ್ಟರ್: ಅತ್ತೆಯವರನ್ನೂ ಕರೆದುಕೊಂಡು ಹೋಗಿ. ರಿಪೋರ್ಟ್ ಗುಂಪಿಗೆ ಹಾಕಬೇಡಿ, ನನಗೊಬ್ಬನಿಗೇ ಕಳಿಸಿ.