ಐದು ಪಟ್ಟು ಬೆಲೆಯ ಪ್ಲೇನಾರ್ ಹೆಡ್‌ಫೋನ್ ಹಳೆಯ ಎಚ್‌ಡಿ 650 ಮುಂದೆ ಸಪ್ಪೆಯಾಗಿದೆ, ಕಾರಣವೇನು?

ಕೋಟೆಗುಡ್ಡ (ಬಳ್ಳಾರಿ) | ಮೇ 4, ರಾತ್ರಿ 11:20

ಎರಡು ವರ್ಷ ಕೂಡಿಟ್ಟ ಹಣದಲ್ಲಿ ಒಂದು ದೊಡ್ಡ ಪ್ಲೇನಾರ್ ಹೆಡ್‌ಫೋನ್ (ಕೋನ್ ಬದಲು ಅಯಸ್ಕಾಂತದ ಬಲದಿಂದ ಚಪ್ಪಟೆಯಾದ ತೆಳು ಪೊರೆ ಕಂಪಿಸುವಂಥದ್ದು) ತರಿಸಿಕೊಂಡೆ. ಮೂರು ವಾರಗಳಿಂದ ಪ್ರತಿ ರಾತ್ರಿ ಅದನ್ನೂ ನನ್ನ ಹಳೆಯ ಸೆನ್‌ಹೈಸರ್ ಎಚ್‌ಡಿ 650ಯನ್ನೂ ಒಂದರ ನಂತರ ಒಂದು ತಲೆಗೇರಿಸಿ ಹೋಲಿಸುತ್ತಿದ್ದೇನೆ. ಹೊಸದರಲ್ಲಿ ಜೀವವೇ ಇಲ್ಲ. ತಂಬೂರಿ ಕೋಣೆಯ ತುಂಬ ಹರಡಿಕೊಂಡಂತೆ ಕೇಳುತ್ತದೆ, ಆದರೆ ತಬಲಾದ ಎಡಗೈ ಪೆಟ್ಟು ಪೊಳ್ಳಾಗಿ ಬೀಳುತ್ತದೆ, ಹಾಡುಗಾರರಂತೂ ಎಲ್ಲಿ ಕುಳಿತಿದ್ದಾರೆಂದೇ ತಿಳಿಯುವುದಿಲ್ಲ. ಅದೇ ಆಂಪ್ (ಆಂಪ್ಲಿಫೈಯರ್), ಅದೇ ಹಾಡು, ವಾಲ್ಯೂಮ್ ನಾಬ್ ಕೂಡ ಅದೇ ಗೆರೆಯಲ್ಲಿದೆ. ಕಾರಣ ತಿಳಿಯುವ ಮೊದಲು ಕಂಪನಿಯ ಹೆಸರು ಕೆಡಿಸುವುದು ಸರಿಯಲ್ಲವೆಂದು ಮಾಡೆಲ್ ಹೆಸರು ಬರೆಯುತ್ತಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ರಾತ್ರಿಪಾಳಿ (ಶಕ್ತಿನಗರ) | ಮೇ 5, ಬೆಳಿಗ್ಗೆ 6:45

ಹೆಸರು ಬೇಡವೆಂದರೆ ಬೇಡ, ಆದರೆ ಪೆಟ್ಟಿಗೆಯ ಮೇಲಿನ ಎರಡು ಸಂಖ್ಯೆಗಳನ್ನಾದರೂ ಕೊಡಬೇಕಿತ್ತು: ಎಷ್ಟು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ), ಒಂದು ಮಿಲಿವ್ಯಾಟ್‌ಗೆ ಎಷ್ಟು ಡೆಸಿಬಲ್ ಶಬ್ದ. ನಾಬ್ ಒಂದೇ ಗೆರೆಯಲ್ಲಿದೆ ಎಂದ ಮಾತ್ರಕ್ಕೆ ಶಬ್ದದ ಮಟ್ಟ ಒಂದೇ ಆಗಿರುವುದಿಲ್ಲ. ಒಂದೇ ಧ್ವನಿಯನ್ನು ಒಂದು ಡೆಸಿಬಲ್‌ನಷ್ಟು ಜೋರಾಗಿ ಕೇಳಿಸಿದರೂ ನಮ್ಮ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುತ್ತದೆ. ಇನ್ನು ಮಟ್ಟ ಇಳಿದಂತೆಲ್ಲ ಕಿವಿಗೆ ಮಂದ್ರದ ಶಬ್ದಗಳು ಮೊದಲು ಕಡಿಮೆಯಾಗುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ನಿಮ್ಮ ಪೊಳ್ಳು ತಬಲಾಕ್ಕೆ ಇದೇ ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ಲೇನಾರ್ ಕಡಿಮೆ ಮಟ್ಟದಲ್ಲಿ ನುಡಿಯುತ್ತಿದೆ, ಅಷ್ಟೇ.

ಕಿನ್ನಾಳಬಣ್ಣ (ಕೊಪ್ಪಳ) | ಮೇ 5, ಬೆಳಿಗ್ಗೆ 9:10

ಸರ್, ನೀವು ಅದನ್ನು ಎಷ್ಟು ಗಂಟೆ ನುಡಿಸಿದ್ದೀರಿ? ಪ್ಲೇನಾರ್‌ನ ತೆಳು ಪೊರೆ ಸಡಿಲಗೊಳ್ಳಲು ಕನಿಷ್ಠ 150 ಗಂಟೆಗಳ ಬರ್ನ್-ಇನ್, ಅಂದರೆ ಬಿಡದೆ ನುಡಿಸಿ ಪಳಗಿಸುವುದು, ಬೇಕು. ನನ್ನದನ್ನು ಹದಿನೈದು ದಿನ ಬೀರುವಿನೊಳಗೆ ಹಾಡುತ್ತಲೇ ಇಟ್ಟಿದ್ದೆ. ಅದರ ಜೊತೆಗೆ ಬಂದ ತಾಮ್ರದ ಕೇಬಲ್ ತೆಗೆದುಹಾಕಿ ಬೆಳ್ಳಿಯ ಕೇಬಲ್ ಹಾಕಿಕೊಳ್ಳಿ, ಮೇಲಿನ ಸ್ವರಗಳ ಪರದೆ ಸರಿದಂತಾಗುತ್ತದೆ. ಅಂದ ಹಾಗೆ, ತಂಬೂರಿ ಅಷ್ಟು ಅಗಲವಾಗಿ ಹರಡುತ್ತಿದೆ ಎಂದರೆ ನಿಮ್ಮ ಸೌಂಡ್‌ಸ್ಟೇಜ್ (ಶಬ್ದ ಸುತ್ತಲೂ ಹರಡಿದಂತೆ ಅನ್ನಿಸುವ ಜಾಗ) ಬಹಳ ಚೆನ್ನಾಗಿದೆ ಎಂದೇ ಅರ್ಥ. ಅದನ್ನು ದೂರು ಎಂದು ಬರೆದಿದ್ದೀರಲ್ಲ!

ರಾತ್ರಿಪಾಳಿ (ಶಕ್ತಿನಗರ) | ಮೇ 5, ಬೆಳಿಗ್ಗೆ 9:32

ಬೀರುವಿನೊಳಗೆ ಹದಿನೈದು ದಿನ ಇದ್ದದ್ದರಿಂದ ಬದಲಾದದ್ದು ಹೆಡ್‌ಫೋನೋ, ಅದನ್ನು ಕಾದು ಕುಳಿತ ತಮ್ಮ ಕಿವಿಯೋ ಎಂದು ಒಮ್ಮೆ ಯೋಚಿಸಿ. ಬೆಳ್ಳಿ ತಂತಿಯ ವಿಷಯವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಕಿನ್ನಾಳಬಣ್ಣ (ಕೊಪ್ಪಳ) | ಮೇ 5, ಬೆಳಿಗ್ಗೆ 9:40

ತಂತಿಯ ಮಾತೆತ್ತಿದರೆ ಎಲ್ಲರೂ ನಗುತ್ತೀರಿ. ಕೇಳಿಸಿದ್ದನ್ನು ಕೇಳಿಸಿತು ಎಂದು ಹೇಳಲು ಮೀಟರಿನ ಅಪ್ಪಣೆ ಬೇಕಾಗಿಲ್ಲ.

ಕೋಟೆಗುಡ್ಡ (ಬಳ್ಳಾರಿ) | ಮೇ 5, ರಾತ್ರಿ 10:55

ಸಂಖ್ಯೆಗಳು ಹೀಗಿವೆ. ಪ್ಲೇನಾರ್ 32 ಓಮ್, ಒಂದು ಮಿಲಿವ್ಯಾಟ್‌ಗೆ 94 ಡೆಸಿಬಲ್. ಎಚ್‌ಡಿ 650 ಎಲ್ಲರಿಗೂ ಗೊತ್ತಿರುವುದೇ, 300 ಓಮ್. ಅದನ್ನು ಆಂಪ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ (ಎಡಬಲಗಳಿಗೆ ಬೇರೆ ಬೇರೆ ಜೋಡಿ ತಂತಿ ಇರುವ ಕಂಡಿಗೆ) ಹಾಕಿರುತ್ತೇನೆ. ಪ್ಲೇನಾರ್‌ನ ಕೇಬಲ್‌ಗೆ ಬ್ಯಾಲೆನ್ಸ್ಡ್ ಪಿನ್ ಇಲ್ಲದ ಕಾರಣ ಅದು ಮಾಮೂಲಿ 6.35 ಮಿಲಿಮೀಟರ್ ಜ್ಯಾಕ್‌ನಲ್ಲಿದೆ. ಇದನ್ನು ಬರೆಯಬೇಕೆಂದು ಮೊದಲು ಅನ್ನಿಸಿರಲಿಲ್ಲ.

ರಾತ್ರಿಪಾಳಿ (ಶಕ್ತಿನಗರ) | ಮೇ 6, ಬೆಳಿಗ್ಗೆ 7:05

ನೋಡಿ, ಸಿಕ್ಕಿತು. ಬ್ಯಾಲೆನ್ಸ್ಡ್ ಕಡೆಯಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಎರಡು ಪಟ್ಟು ಇರುತ್ತದೆ, ಅಂದರೆ ಅದೇ ಗೆರೆಯಲ್ಲಿ 6 ಡೆಸಿಬಲ್ ಹೆಚ್ಚು. ಎಚ್‌ಡಿ 650ಗೆ ನೀವು ಆ 6 ಡೆಸಿಬಲ್ ಅನ್ನು ಉಡುಗೊರೆಯಾಗಿ ಕೊಟ್ಟು ಪ್ಲೇನಾರ್ ಅನ್ನು ಬೈಯುತ್ತಿದ್ದೀರಿ. ನಾಬ್ ಸ್ವಲ್ಪ ತಿರುಗಿಸಿ, ಸಮಸ್ಯೆ ಮುಗಿಯುತ್ತದೆ.

ಎಡದಂಡೆ (ಗಂಗಾವತಿ) | ಮೇ 6, ಮಧ್ಯಾಹ್ನ 1:30

ರಾತ್ರಿಪಾಳಿಯವರ ಲೆಕ್ಕ ಅರ್ಧಕ್ಕೇ ನಿಂತಿದೆ. ಎಚ್‌ಡಿ 650 ಒಂದು ವೋಲ್ಟ್‌ಗೆ 103 ಡೆಸಿಬಲ್ ಕೊಡುತ್ತದೆ. ಇವರ ಪ್ಲೇನಾರ್‌ಗೆ ಅದೇ ಒಂದು ವೋಲ್ಟ್ ಕೊಟ್ಟರೆ 32 ಓಮ್‌ನಲ್ಲಿ ಸುಮಾರು 31 ಮಿಲಿವ್ಯಾಟ್ ಹರಿಯುತ್ತದೆ, ಅದು 15 ಡೆಸಿಬಲ್ ಸೇರಿಸುತ್ತದೆ, ಒಟ್ಟು 109. ಅಂದರೆ ಸಮಾನ ವೋಲ್ಟ್‌ನಲ್ಲಿ ಪ್ಲೇನಾರ್ 6 ಡೆಸಿಬಲ್ ಜೋರು. ಬ್ಯಾಲೆನ್ಸ್ಡ್ ಆದ ಕಾರಣ ಎಚ್‌ಡಿ 650 ಆ 6 ಡೆಸಿಬಲ್ ಅನ್ನು ತುಂಬಿಕೊಳ್ಳುತ್ತದೆ. ಕಾಕತಾಳೀಯವೇ ಸರಿ, ಆದರೆ ಇವರ ನಾಬ್ ಒಂದೇ ಗೆರೆಯಲ್ಲಿದ್ದಾಗ ಎರಡರ ಮಟ್ಟವೂ ಹೆಚ್ಚುಕಡಿಮೆ ಒಂದೇ.

ನನ್ನ ಪ್ರಶ್ನೆ ಬೇರೆ. ಮೇ ತಿಂಗಳ ಬಳ್ಳಾರಿಯಲ್ಲಿ ಕೂಲರ್ ಓಡುತ್ತಿಲ್ಲವೇ? ನಿಮ್ಮ ಎರಡೂ ಹೆಡ್‌ಫೋನ್‌ಗಳು ಓಪನ್-ಬ್ಯಾಕ್, ಅಂದರೆ ಬಟ್ಟಲಿನ ಹಿಂಬದಿ ತೆರೆದಿರುವಂಥವು, ಎಂದುಕೊಂಡಿದ್ದೇನೆ. ಅವು ಹೊರಗಿನ ಶಬ್ದವನ್ನು ತಡೆಯುವುದಿಲ್ಲ.

ಕೋಟೆಗುಡ್ಡ (ಬಳ್ಳಾರಿ) | ಮೇ 6, ರಾತ್ರಿ 11:40

ಕೂಲರ್ ಇಲ್ಲದೆ ಇಲ್ಲಿ ಯಾರು ಬದುಕುತ್ತಾರೆ ಸರ್? ಓಡುತ್ತಿತ್ತು. ಇವತ್ತು ಅದನ್ನೂ ಫ್ಯಾನನ್ನೂ ನಿಲ್ಲಿಸಿ, ಬೆವರು ಸುರಿಸಿಕೊಂಡು ಅರ್ಧ ಗಂಟೆ ಕೇಳಿದೆ. ತಂಬೂರಿಯ ಜೀವಾಳಿಯ ಝೇಂಕಾರ ಎರಡರಲ್ಲಿಯೂ ಬಿಡಿಬಿಡಿಯಾಗಿ ಕೇಳಿಸತೊಡಗಿತು, ಅದಕ್ಕಾಗಿ ಧನ್ಯವಾದ. ಆದರೆ ಪ್ಲೇನಾರ್‌ನ ರೋಗ ಹಾಗೆಯೇ ಇದೆ. ನಾಬ್ ಮೂರು ಗೆರೆ ಏರಿಸಿದರೂ ಹಾಡುಗಾರರು ನಡುವೆ ಬರುವುದಿಲ್ಲ, ಎರಡು ಕಿವಿಗಳ ಹಿಂದೆ ಒಬ್ಬೊಬ್ಬರು ನಿಂತು ಹಾಡಿದಂತಿದೆ. ಎಡಬಲ ತಿರುಗಿಸಿ ಹಾಕಿಕೊಂಡು ನೋಡಿದೆ, ವ್ಯತ್ಯಾಸವಿಲ್ಲ.

ರಾತ್ರಿಪಾಳಿ (ಶಕ್ತಿನಗರ) | ಮೇ 7, ಬೆಳಿಗ್ಗೆ 6:30

ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ನಂಬಿ ಮಾಡಿದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕಿವಿಯ ಬಳಿ ಮೈಕ್ ಇಟ್ಟು ಅಳೆಯಿರಿ. ಮಟ್ಟದ ವ್ಯತ್ಯಾಸ ಸಿಕ್ಕೇ ಸಿಗುತ್ತದೆ.

ಕಿನ್ನಾಳಬಣ್ಣ (ಕೊಪ್ಪಳ) | ಮೇ 7, ಬೆಳಿಗ್ಗೆ 10:15

ಪ್ಲೇನಾರ್ ಬಿಟ್ಟು ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗೆ (ಸ್ಥಿರವಿದ್ಯುತ್ತಿನ ಬಲದಿಂದ ಪೊರೆ ಕಂಪಿಸುವಂಥದ್ದಕ್ಕೆ) ಬನ್ನಿ. ನನ್ನ ಬಳಿ ಈಗ ಸ್ಟ್ಯಾಕ್ಸ್ ಕಂಪನಿಯದ್ದು ಇದೆ, ಪೊರೆಗೆ ಸದಾ 580 ವೋಲ್ಟ್ ಬಯಾಸ್. ಅದಕ್ಕೇ ಪ್ರತ್ಯೇಕ ಆಂಪ್, ಆಂಪ್‌ಗೆ ಪ್ರತ್ಯೇಕ ಯುಪಿಎಸ್, ಯುಪಿಎಸ್‌ಗೆ ಪ್ರತ್ಯೇಕ ಅರ್ಥಿಂಗ್ ಗುಂಡಿ ತೋಡಿಸಿದ್ದೇನೆ. ಒಮ್ಮೆ ಅದನ್ನು ಕೇಳಿದ ಮೇಲೆ ಈ ಚರ್ಚೆಯೇ ಬೇಡವೆನಿಸುತ್ತದೆ.

ಹಳೆರೇಡಿಯೋ (ರಾಯಚೂರು) | ಮೇ 7, ಸಂಜೆ 5:50

ತಮ್ಮಾ ಕೋಟೆಗುಡ್ಡ, ಅರ್ಥಿಂಗ್ ಗುಂಡಿ ಆಮೇಲೆ ತೋಡಿಸುವೆಯಂತೆ. ಮೊದಲು ಒಂದು ಹಳೆಯ ಮೊನೊ ಧ್ವನಿಮುದ್ರಣ ಹಾಕು. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ತಟ್ಟೆಯೊಂದರ ಪ್ರತಿ ಸಿಕ್ಕರೆ ಸಾಕು. ಅಂಥವುಗಳಲ್ಲಿ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಧ್ವನಿ. ಸರಿಯಿರುವ ಯಾವ ಹೆಡ್‌ಫೋನ್‌ನಲ್ಲಿಯೂ, ಅದು ಐನೂರು ರೂಪಾಯಿಯದ್ದಾಗಿರಲಿ ಲಕ್ಷದ್ದಾಗಿರಲಿ, ಆ ಧ್ವನಿ ತಲೆಯ ನಟ್ಟನಡುವೆ ಒಂದು ಬಿಂದುವಿನಂತೆ ನಿಲ್ಲಬೇಕು. ನಿಲ್ಲದೆ ಎರಡೂ ಪಕ್ಕಕ್ಕೆ ಚೆದುರಿದರೆ ಒಂದು ಕಡೆಯ ಪ್ಲಸ್ ಮೈನಸ್ ಅದಲುಬದಲಾಗಿದೆ ಎಂದು ತಿಳಿ.

ನಾನು ಮೂವತ್ತು ವರ್ಷ ಜಾತ್ರೆಗಳಿಗೆ ಮೈಕ್‌ಸೆಟ್ ಕಟ್ಟಿದವನು. ಜೋಡಿ ಬಾಕ್ಸ್‌ಗಳಲ್ಲಿ ಒಂದರ ತಂತಿ ತಿರುವುಮುರುವಾಗಿದ್ದರೆ ನಡುವೆ ನಿಂತವನಿಗೆ ಡೊಳ್ಳಿನ ಗುಂಡು ಶಬ್ದವೇ ಸೊರಗಿಹೋಗುತ್ತದೆ, ಏಕೆಂದರೆ ಒಂದು ಕೋನ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿರುತ್ತದೆ. ಹೆಡ್‌ಫೋನ್‌ನಲ್ಲಿ ಗಾಳಿ ಹಾಗೆ ಕೂಡಿ ಕಳೆಯುವುದಿಲ್ಲ, ಆದರೆ ಎರಡು ಕಿವಿಗಳ ಸುದ್ದಿ ಒಂದಕ್ಕೊಂದು ಹೊಂದದೆ ಮಂದ್ರ ಪೊಳ್ಳಾಗಿ ಕೇಳುತ್ತದೆ. ಕಿನ್ನಾಳದವರು ಸೌಂಡ್‌ಸ್ಟೇಜ್ ಎಂದು ಹೊಗಳಿದ ಅಗಲ ಅದೇ ಇರಬಹುದು. ತಿರುಗಿಸಿ ಹಾಕಿಕೊಂಡರೂ ಬದಲಾಗಲಿಲ್ಲ ಎಂದೆಯಲ್ಲ, ಅದೂ ಹೊಂದುತ್ತದೆ.

ಒಂದು ಮಾತು ಹೇಳು: ಆ ಕೇಬಲ್ ಪೆಟ್ಟಿಗೆಯಲ್ಲಿ ಬಂದದ್ದು ಬಂದ ಹಾಗೆಯೇ ಇದೆಯೇ?

ಕೋಟೆಗುಡ್ಡ (ಬಳ್ಳಾರಿ) | ಮೇ 7, ರಾತ್ರಿ 9:15

ಹಿರಿಯರೇ, ಇಲ್ಲ. ಅದು ಮೂರು ಮೀಟರ್ ಉದ್ದವಿತ್ತು, ಕುರ್ಚಿಯ ಗಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಂದ ದಿನವೇ ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಅರ್ಧಕ್ಕೆ ಕತ್ತರಿಸಿ ಹೊಸ ಜ್ಯಾಕ್‌ಗೆ ಬೆಸುಗೆ ಹಾಕಿಸಿದೆ. ಎರಡೂ ಕಡೆ ಶಬ್ದ ಬರುತ್ತಿದ್ದ ಕಾರಣ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಎಡದಂಡೆ (ಗಂಗಾವತಿ) | ಮೇ 7, ರಾತ್ರಿ 9:22

ನಾಲ್ಕು ದಿನ ನಾವು ಡೆಸಿಬಲ್ ಕೂಡಿ ಕಳೆಯುತ್ತ ಕುಳಿತಿದ್ದೆವು!

ಮಲ್ಟಿಮೀಟರ್ ತೆಗೆದುಕೊಂಡು ಬೀಪ್ ಬರುವ ಸ್ಥಾನದಲ್ಲಿಡಿ. ಕೇಬಲ್ ಅನ್ನು ಆಂಪ್‌ನಿಂದಲೂ ಹೆಡ್‌ಫೋನ್‌ನಿಂದಲೂ ಬಿಚ್ಚಿಕೊಳ್ಳಿ. ಮುಖ್ಯ ಜ್ಯಾಕ್‌ನ ತುದಿ ಎಡದ ಪ್ಲಸ್, ನಡುವಿನ ಉಂಗುರ ಬಲದ ಪ್ಲಸ್, ಬುಡ ಎರಡಕ್ಕೂ ಮೈನಸ್. ಪ್ರತಿ ಬಟ್ಟಲಿಗೆ ಹೋಗುವ ಚಿಕ್ಕ ಪಿನ್‌ನ ತುದಿ ಯಾವುದಕ್ಕೆ ಬೀಪ್ ಕೊಡುತ್ತದೆ ಎಂದು ನೋಡಿ.

ಕೋಟೆಗುಡ್ಡ (ಬಳ್ಳಾರಿ) | ಮೇ 9, ರಾತ್ರಿ 10:30

ಎಡದ ಪಿನ್‌ನ ತುದಿ ಮುಖ್ಯ ಜ್ಯಾಕ್‌ನ ತುದಿಗೇ ಬೀಪ್ ಕೊಟ್ಟಿತು. ಬಲದ ಪಿನ್‌ನ ತುದಿ ಉಂಗುರಕ್ಕೆ ಕೊಡಲಿಲ್ಲ, ಬುಡಕ್ಕೆ ಕೊಟ್ಟಿತು. ಜ್ಯಾಕ್‌ನ ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ನಾಲ್ಕೂ ಎಳೆಗಳಿಗೆ ಒಂದೇ ತರಹದ ಅರಗಿನ ಲೇಪ, ಬಲದ ಎರಡು ಎಳೆಗಳ ಮೇಲಿನ ಬಣ್ಣ ಕಾವಿಗೆ ಕರಗಿ ಗುರುತೇ ಸಿಗದಂತಾಗಿತ್ತು. ಬೆಸುಗೆ ಹಾಕಿದವರನ್ನು ದೂರಿ ಫಲವಿಲ್ಲ. ನಾನೇ ಬಿಚ್ಚಿ ಎರಡನ್ನೂ ಅದಲುಬದಲು ಮಾಡಿದೆ.

ಮನ್ಸೂರರು ನಡುವೆ ಬಂದು ಕುಳಿತರು. ಹುಬ್ಬುಗಳ ನಡುವೆ ಬೆರಳಿಟ್ಟು ತೋರಿಸಬಹುದು, ಅಷ್ಟು ಖಚಿತವಾಗಿ. ಕೂಲರ್ ನಿಲ್ಲಿಸಿ ಮತ್ತೆ ಹೋಲಿಸಿದಾಗ ತಬಲಾದ ಎಡ ಪ್ಲೇನಾರ್‌ನಲ್ಲಿ ತಳದವರೆಗೂ ಇಳಿಯುತ್ತದೆ, ಎಚ್‌ಡಿ 650ಯಲ್ಲಿ ಆ ತಳ ಸ್ವಲ್ಪ ಮೊದಲೇ ಮುಗಿಯುತ್ತದೆ. ಗಂಡುಧ್ವನಿಯ ಎದೆಭಾಗ ಮಾತ್ರ ನನಗೆ ಇಂದಿಗೂ ಎಚ್‌ಡಿ 650ಯಲ್ಲಿಯೇ ಹೆಚ್ಚು ಹತ್ತಿರ. ಕೊಟ್ಟ ಬೆಲೆಯ ವ್ಯತ್ಯಾಸಕ್ಕೆ ಕೇಳಿದ ವ್ಯತ್ಯಾಸ ಚಿಕ್ಕದೇ, ಇದನ್ನು ಮನೆಯಲ್ಲಿ ಹೇಳಿಲ್ಲ.

ರಾತ್ರಿಪಾಳಿ (ಶಕ್ತಿನಗರ) | ಮೇ 10, ಬೆಳಿಗ್ಗೆ 6:50

ಸಂತೋಷ. ಆದರೂ ಮೈಕ್ ಇಟ್ಟು ಮಟ್ಟವನ್ನು ಅಳೆಯದೆ ಎದೆಭಾಗದ ಬಗ್ಗೆ ತೀರ್ಪು ಕೊಡಬೇಡಿ.

ಕಿನ್ನಾಳಬಣ್ಣ (ಕೊಪ್ಪಳ) | ಮೇ 10, ಬೆಳಿಗ್ಗೆ 9:25

ಎಲ್ಲಕ್ಕೂ ಕೇಬಲ್ ಕಾರಣ ಎಂದು ನಾನು ಮೊದಲ ದಿನವೇ ಬರೆದಿದ್ದೆ. ಬೇಕಿದ್ದವರು ಮೇಲೆ ಹೋಗಿ ಓದಿಕೊಳ್ಳಬಹುದು.

ಹಳೆರೇಡಿಯೋ (ರಾಯಚೂರು) | ಮೇ 10, ಸಂಜೆ 6:05

ಮೊದಲೂ ತಾಮ್ರವೇ ಇತ್ತು, ಈಗಲೂ ತಾಮ್ರವೇ ಇದೆ ಸ್ವಾಮಿ.